ಯಂತ್ರದ ಪಕ್ಕದಲ್ಲಿ ಒಂಬತ್ತು ವಾರ

ನನ್ನ ಕಿಡ್ನಿ ಕೆಲಸ ನಿಲ್ಲಿಸಿದೆ ಎಂದು ಮೊದಲು ತಿಳಿದವಳು ನಾನೇ. ಡಾಕ್ಟರಿಗಿಂತ ಮೊದಲು, ಗಂಡನಿಗಿಂತ ಮೊದಲು.

ಕಾಪುವಿನ ಒಂದು ಸಣ್ಣ ಲ್ಯಾಬಿನಲ್ಲಿ ನಾನು ಹದಿನೆಂಟು ವರ್ಷಗಳಿಂದ ಟೆಕ್ನಿಷಿಯನ್. ಬೆಳಿಗ್ಗೆ ಏಳಕ್ಕೆ ಬಾಗಿಲು ತೆರೆಯುವಾಗ ಶುಗರ್ ಪರೀಕ್ಷೆಗೆ ಬಂದವರು ಖಾಲಿ ಹೊಟ್ಟೆಯಲ್ಲಿ ಮೆಟ್ಟಿಲ ಮೇಲೆ ಕಾದಿರುತ್ತಾರೆ. ಆ ಜೂನ್ ತಿಂಗಳಲ್ಲಿ ನನಗೆ ಜ್ವರ ಬಂದಿತ್ತು. ನಮ್ಮ ಮನೆ ಇರುವುದು ಎರ್ಮಾಳಿನಲ್ಲಿ. ಹಿಂದಿನ ಚರಂಡಿ ಕಟ್ಟಿಕೊಂಡು ಅಂಗಳದಲ್ಲಿ ನೀರು ನಿಂತಾಗ ಬರಿಗಾಲಲ್ಲಿ ಇಳಿದು ಕಸ ಎಳೆದು ಹಾಕಿದ್ದೆ. ಹಿಮ್ಮಡಿ ಒಡೆದಿತ್ತು. ಒಂದು ವಾರ ಕಳೆದು ಜ್ವರ, ಮೀನಖಂಡದಲ್ಲಿ ಮೆಟ್ಟಿಲು ಇಳಿಯಲಾಗದಷ್ಟು ನೋವು. ಲ್ಯಾಬಿನಲ್ಲಿ ನನ್ನ ಜೊತೆಗಿದ್ದ ಸವಿತಾ ತಂಗಿಯ ಮದುವೆಗೆಂದು ರಜೆಯಲ್ಲಿದ್ದಳು. ನಾನೂ ಮಲಗಿದರೆ ಬಾಗಿಲು ಹಾಕಬೇಕು. ಆದ್ದರಿಂದ ನೋವಿನ ಮಾತ್ರೆ ತಿಂದು ಕೆಲಸ ಮಾಡಿದೆ. ನೋವು ಹೋಗಲಿಲ್ಲವೆಂದು ಮತ್ತೆ ತಿಂದೆ. ಹಾಗೆ ನಾಲ್ಕು ದಿನ.

ಐದನೆಯ ದಿನ ಸವಿತಾ ರಜೆ ಮುಗಿಸಿ ಬಂದಳು. ನನ್ನ ಮುಖ ನೋಡಿ, "ಝೊಹರಕ್ಕ, ನಿಮ್ಮ ಕಣ್ಣು ಹಳದಿ ಉಂಟು" ಎಂದಳು. ಆಗ ನೆನಪಾಯಿತು, ಹಿಂದಿನ ದಿನ ಮಧ್ಯಾಹ್ನದಿಂದ ನಾನು ಮೂತ್ರಕ್ಕೇ ಹೋಗಿರಲಿಲ್ಲ. ಅವಳೇ ನನ್ನ ರಕ್ತ ತೆಗೆದಳು. ಟ್ಯೂಬನ್ನು ನಾನೇ ಯಂತ್ರಕ್ಕಿಟ್ಟೆ. ಕಿಡ್ನಿ ಸೋತಾಗ ರಕ್ತದಲ್ಲಿ ಏರುವುದು ಕ್ರಿಯೇಟಿನಿನ್. ಒಂದರ ಆಸುಪಾಸಿನಲ್ಲಿ ಇರಬೇಕಾದ ಅದು ಏಳು ದಾಟಿತ್ತು.

"ಯಂತ್ರ ಸರಿ ಇಲ್ಲ" ಎಂದೆ.

ಸವಿತಾ ತನ್ನದೇ ರಕ್ತ ತೆಗೆದು ಯಂತ್ರಕ್ಕೆ ಹಾಕಿದಳು. ಅವಳದ್ದು ಸರಿಯಾಗಿತ್ತು. ಇಬ್ಬರೂ ಪರದೆಯನ್ನು ನೋಡುತ್ತ ನಿಂತೆವು. ಹೊರಗೆ ಯಾರೋ ಹೆಂಗಸು, "ನನ್ನ ರಿಪೋರ್ಟ್ ಆಯ್ತಾ?" ಎಂದು ಕರೆಯುತ್ತಿದ್ದಳು. ನಾನು ಹೋಗಿ ಅವಳ ರಿಪೋರ್ಟ್ ಕೊಟ್ಟು, ಸಹಿ ಹಾಕಿಸಿಕೊಂಡು ಬಂದೆ. ಆಮೇಲೆ ಅಣ್ಣನಿಗೆ ಫೋನು ಮಾಡಿದೆ.

ಅಣ್ಣ, ನಾವು ಕಾಕ ಎಂದು ಕರೆಯುವುದು, ಕಾರಿನಲ್ಲಿ ಮಣಿಪಾಲಕ್ಕೆ ಕರೆದುಕೊಂಡು ಹೋದರು. ನನ್ನ ತಾಯಿ, ಉಮ್ಮ, ಹಿಂದಿನ ಸೀಟಿನಲ್ಲಿ ನನ್ನ ತಲೆಯನ್ನು ಮಡಿಲಿಗೆ ಎಳೆದುಕೊಂಡು ಮೆಲ್ಲಗೆ ಪ್ರಾರ್ಥನೆ ಓದುತ್ತಿದ್ದರು. ಎಂತದ್ದು ಎಂದು ಅವರಿಗೆ ನಾನು ಹೇಳಿರಲಿಲ್ಲ. "ಜಾಂಡಿಸ್ ಇರಬೇಕು ಉಮ್ಮ" ಎಂದಿದ್ದೆ. ಜಾಂಡಿಸಿಗೆ ಎಲ್ಲೂರಿನ ಕಡೆ ಯಾರೋ ಹಸಿರು ಮದ್ದು ಕೊಡ್ತಾರಲ್ವಾ, ಅಲ್ಲಿಗೆ ಹೋಗುವ ಎಂದು ಅವರು ಉಡುಪಿ ದಾಟುವವರೆಗೂ ಹೇಳುತ್ತಲೇ ಇದ್ದರು.

ಇಲಿಜ್ವರ, ಇಲಿಯ ಮೂತ್ರ ಸೇರಿದ ನಿಂತ ನೀರಿನಿಂದ ಬರುವುದು. ಮಣಿಪಾಲದಲ್ಲಿ ಅದನ್ನು ಕಂಡುಹಿಡಿಯಲು ಅರ್ಧ ದಿನವೂ ಬೇಕಾಗಲಿಲ್ಲ. ಕಿಡ್ನಿ ವಿಭಾಗದ ಡಾಕ್ಟರು ನನ್ನ ವಯಸ್ಸಿನವರೇ. ಬೇಗ ಬೇಗ ಮಾತಾಡುವ, ಆದರೆ ಕೇಳುವಾಗ ಪೆನ್ನು ಕೆಳಗಿಡುವ ಹೆಂಗಸು. "ನೋವಿನ ಮಾತ್ರೆ ಎಂತಾದರೂ ತಿಂದಿದ್ದೀರಾ?" ಎಂದು ಕೇಳಿದರು.

"ಒಂದೋ ಎರಡೋ" ಎಂದೆ.

ತಿಂದದ್ದು ಹನ್ನೊಂದು. ಲ್ಯಾಬಿಗೆ ಬರುವ ಮುದುಕರಿಗೆ, ಮಂಡಿನೋವಿಗೆ ಮಾತ್ರೆ ನುಂಗಿ ನುಂಗಿ ಕಿಡ್ನಿ ಹಾಳು ಮಾಡಿಕೊಳ್ಳಬೇಡಿ ಎಂದು ಗದರಿಸುವವಳು ನಾನು. ಆ ಡಾಕ್ಟರ ಎದುರು ಹನ್ನೊಂದು ಎನ್ನಲು ನಾಲಗೆ ಏಳಲಿಲ್ಲ. ಎರಡು ಎಂದು ಅವರು ಬರೆದುಕೊಂಡರು.

ಕುತ್ತಿಗೆಗೆ ಟ್ಯೂಬ್ ಹಾಕಿ ಅದೇ ಸಂಜೆ ಡಯಾಲಿಸಿಸ್ ಶುರುವಾಯಿತು. ನೋವಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟ್ಯೂಬ್ ಹಾಕುವಾಗ ಮುಖದ ಮೇಲೆ ಹಸಿರು ಬಟ್ಟೆ ಹೊದಿಸುತ್ತಾರೆ. ಆ ಬಟ್ಟೆಯ ಕೆಳಗೆ ನನ್ನ ಉಸಿರು ನನಗೇ ಕೇಳುತ್ತಿತ್ತು. ಒಬ್ಬ ಸಿಸ್ಟರ್ ಬಟ್ಟೆಯ ಅಂಚನ್ನು ಎತ್ತಿ, ಒಳಗೆ ಕೈ ತೂರಿಸಿ ನನ್ನ ಹೆಬ್ಬೆರಳನ್ನು ಹಿಡಿದುಕೊಂಡರು. ಅವರ ಮುಖ ನಾನು ನೋಡಲಿಲ್ಲ. ಇವತ್ತಿಗೂ ಯಾರೆಂದು ಗೊತ್ತಿಲ್ಲ.

ಮೂರನೆಯ ದಿನ ರಫೀಕ್ ದಮಾಮಿನಿಂದ ಬಂದರು. ನನ್ನ ಗಂಡ ಅಲ್ಲಿ ಒಂದು ಗೋದಾಮಿನಲ್ಲಿ ಸ್ಟೋರ್ ಕೀಪರ್. ವಿಮಾನ ನಿಲ್ದಾಣದಿಂದ ನೇರ ವಾರ್ಡಿಗೇ ಬಂದಿದ್ದರು. ಹಾಸಿಗೆಯ ಪಕ್ಕ ನಿಂತು, ಟ್ಯೂಬ್ ನೋಡಿ, ಯಂತ್ರ ನೋಡಿ, "ಫೋನಿನಲ್ಲಿ ಸ್ವಲ್ಪ ಜ್ವರ ಅಂದಿದ್ದಿ" ಎಂದರು. ಹೊರಗಿನ ಬೆಂಚಿನಲ್ಲಿ ಹೆಸರು ಕರೆಯುವುದಕ್ಕೆ ಕಾಯುತ್ತಾ ಕೂತಿರುತ್ತಿದ್ದರು. ಯಾರ ಹೆಸರು ಕರೆದರೂ ಎದ್ದು ನಿಲ್ಲುತ್ತಿದ್ದರಂತೆ. ಕಾಕ ಆಮೇಲೆ ಹೇಳಿದ್ದು.

ಜ್ವರ ಇಳಿಯಿತು, ಹಳದಿ ಹೋಯಿತು. ಮೂತ್ರ ಮಾತ್ರ ಬರಲಿಲ್ಲ. ಹದಿನೈದನೆಯ ದಿನ ಕುತ್ತಿಗೆಯ ಟ್ಯೂಬ್ ತೆಗೆದು, ಎದೆಯ ಮೇಲ್ಭಾಗದಲ್ಲಿ ಹೆಚ್ಚು ದಿನ ಬಾಳುವ ಇನ್ನೊಂದನ್ನು ಕೂರಿಸಿ ಮನೆಗೆ ಕಳಿಸಿದರು. "ಇಲಿಜ್ವರದ್ದು ಹೆಚ್ಚಾಗಿ ಸರಿಯಾಗ್ತದೆ. ಮೂರು ತಿಂಗಳು ಕಾಯುವ" ಎಂದರು ಡಾಕ್ಟರು. ಮೂರು ತಿಂಗಳ ನಂತರ ಎಂತ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ವಾರಕ್ಕೆ ಮೂರು ದಿನ ಉಡುಪಿಯಲ್ಲಿ ಡಯಾಲಿಸಿಸ್. ಬನ್ನಂಜೆಯ ಹತ್ತಿರ ಒಂದು ಕಟ್ಟಡದ ಮೊದಲ ಮಹಡಿಯಲ್ಲಿ ಎಂಟು ಕುರ್ಚಿ, ಎಂಟು ಯಂತ್ರ. ಹೊರಡುವ ಮುಂಚೆ ಹತ್ತನೇ ಕ್ಲಾಸಿನ ಮಗಳು ಶಿಫಾ ನನ್ನ ತಲೆವಸ್ತ್ರವನ್ನು ಟ್ಯೂಬಿನ ಸುತ್ತ ಮಡಚಿ ಪಿನ್ ಹಾಕುತ್ತಿದ್ದಳು. ಮೊದಲ ದಿನ ಅವಳ ಕೈಯಿಂದ ಪಿನ್ ಎರಡು ಸಲ ಕೆಳಗೆ ಬಿತ್ತು. ಒಂದು ವಾರದೊಳಗೆ, ಬಾಯಲ್ಲಿ ಪಿನ್ ಕಚ್ಚಿಕೊಂಡು ಭೌತಶಾಸ್ತ್ರದ ಸೂತ್ರ ಹೇಳುತ್ತಾ ಕಟ್ಟುವಷ್ಟು ಪಳಗಿದಳು. ಆ ಅಭ್ಯಾಸ ಅವಳಿಗೆ ಆಗಬಾರದಿತ್ತು ಎಂದು ನನಗೆ ಅನಿಸುತ್ತಿತ್ತು.

ದಿನಕ್ಕೆ ಕುಡಿಯಬಹುದಾದದ್ದು ಅರ್ಧ ಲೀಟರು. ರಫೀಕ್ ಬೆಳಿಗ್ಗೆಯೇ ಒಂದು ಬಾಟಲಿಗೆ ಅಳೆದು ಹಾಕಿ ಇಡುತ್ತಿದ್ದರು. ಚಹಾ, ಗಂಜಿಯ ತಿಳಿ, ಮಾತ್ರೆ ನುಂಗುವ ನೀರು ಎಲ್ಲ ಅದರಲ್ಲೇ. ಉಮ್ಮ ಹಜ್ಜಿಗೆ ಹೋದವರು ತಂದುಕೊಟ್ಟ ಝಂಝಂ ನೀರನ್ನು ಮುಚ್ಚಳದಲ್ಲಿ ತಂದು ಬಾಯಿಗೆ ಹಿಡಿಯುತ್ತಿದ್ದರು. ಪಕ್ಕದ ಮನೆಯ ಗಿರಿಜಕ್ಕ ದೇವಸ್ಥಾನದಿಂದ ತೀರ್ಥ ತರುತ್ತಿದ್ದರು. ರಫೀಕ್ ಎರಡನ್ನೂ ತಲಾ ಒಂದೊಂದು ಚಮಚ ಎಂದು ಬಾಟಲಿಯಿಂದ ಕಳೆಯುತ್ತಿದ್ದರು. "ದೇವರ ನೀರಿಗೂ ಲೆಕ್ಕವಾ?" ಎಂದು ಉಮ್ಮ ಸಿಟ್ಟಾದರು. "ಕಿಡ್ನಿಗೆ ಅದು ಗೊತ್ತಾಗುವುದಿಲ್ಲ ಅಲ್ವಾ" ಎಂದರು ಇವರು. ನಾನು ಕಾಯಿಲೆ ಬಿದ್ದ ಮೇಲೆ ಮೊದಲ ಬಾರಿ ನಕ್ಕದ್ದು ಆವತ್ತು.

ಡಯಾಲಿಸಿಸ್ ಕೇಂದ್ರದಲ್ಲಿ ನನ್ನ ಬಲಗಡೆಯ ಕುರ್ಚಿ ಸದಾನಂದಣ್ಣನವರದ್ದು. ಕಾರ್ಕಳದವರು, ಹಿಂದೆ ಬಸ್ಸು ಓಡಿಸುತ್ತಿದ್ದವರು. ಆರು ವರ್ಷದಿಂದ ಡಯಾಲಿಸಿಸ್. ಎಡ ತೋಳಿನಲ್ಲಿ ಸೂಜಿ ಚುಚ್ಚಿ ಚುಚ್ಚಿ ಉಬ್ಬಿದ ನರ ಹಗ್ಗದ ಹಾಗೆ ಎದ್ದಿತ್ತು. ಮೊದಲ ದಿನ ನಾನು ಯಂತ್ರದ ಅಲಾರಾಂ ಹೊಡೆದಾಗಲೆಲ್ಲ ಬೆಚ್ಚುವುದನ್ನು ನೋಡಿ, "ಅದು ಹಾಗೆ ಬೊಬ್ಬೆ ಹೊಡೀತದೆ, ಸಾಯುವುದಾದ್ರೆ ಹೊಡೆಯುವುದಿಲ್ಲ" ಎಂದರು. ಇಂಥ ಮಾತಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಬಾಯಾರಿಕೆಗೆ ಐಸ್ ತುಂಡು ಚೀಪುವುದು, ಕಾಲು ಸೆಳೆತ ಬಂದಾಗ ಪಾದವನ್ನು ಹೇಗೆ ಒತ್ತಬೇಕು, ಯಾವ ಟೆಕ್ನಿಷಿಯನ್ ಮೆಲ್ಲ ಕೈಯವನು, ಎಲ್ಲ ಹೇಳಿಕೊಟ್ಟವರು ಅವರೇ. ನಾಲ್ಕು ಗಂಟೆಯ ಹೊತ್ತಿನಲ್ಲಿ ಅವರು ಓಡಿಸಿದ ರಸ್ತೆಗಳ ತಿರುವೆಲ್ಲ ನನಗೆ ಬಾಯಿಪಾಠವಾಗಿತ್ತು.

ಐದನೆಯ ವಾರ ಮಣಿಪಾಲದಲ್ಲಿ ತಪಾಸಣೆ. ರಿಪೋರ್ಟ್ ತಿರುಗಿಸುತ್ತಾ ಡಾಕ್ಟರು, "ಇಷ್ಟು ಹೊತ್ತಿಗೆ ಮೂತ್ರ ಶುರುವಾಗಬೇಕಿತ್ತು. ಯಾಕೆ ತಡ ಅಂತ ಗೊತ್ತಾಗ್ತಿಲ್ಲ. ಬೇರೆ ಎಂತಾದರೂ ಉಂಟಾ ಅಂತ ನೋಡಲು ಕಿಡ್ನಿಯಿಂದ ಒಂದು ಚೂರು ತೆಗೆದು ಪರೀಕ್ಷೆ ಮಾಡುವ" ಎಂದರು. ಮತ್ತೊಬ್ಬ ಸರ್ಜನ್ ಬಂದು ನನ್ನ ಎಡಗೈಗೆ ಪಟ್ಟಿ ಬಿಗಿದು ನರ ನೋಡಿದರು. "ಈ ಕೈಯಿಂದ ಇನ್ನು ರಕ್ತ ತೆಗೆಸಬೇಡಿ, ಬಿಪಿ ನೋಡಿಸಬೇಡಿ. ಮುಂದೆ ಡಯಾಲಿಸಿಸಿನ ಸೂಜಿಗೆ ಈ ನರ ಬೇಕಾಗಬಹುದು" ಎಂದರು.

ಹದಿನೆಂಟು ವರ್ಷ ಬೇರೆಯವರ ಕೈಯಲ್ಲಿ ನರ ಹುಡುಕಿದವಳು ನಾನು. ಎಷ್ಟೋ ಡಯಾಲಿಸಿಸ್ ರೋಗಿಗಳು ನನ್ನ ಮುಂದೆ ಕೂತು "ಈ ಕೈ ಬೇಡ ಸಿಸ್ಟರ್" ಎಂದು ಇನ್ನೊಂದನ್ನು ಚಾಚಿದ್ದಾರೆ. ಆ ಮಾತಿನ ಅರ್ಥ ಆವತ್ತು ಮೈಗೆ ಇಳಿಯಿತು.

ನಾನು ಡಾಕ್ಟರ ಕಡೆ ತಿರುಗಿ, "ಮೇಡಂ, ಮಾತ್ರೆ ಎರಡಲ್ಲ, ಹನ್ನೊಂದು" ಎಂದೆ.

ಅವರು ಪೆನ್ನು ಕೆಳಗಿಟ್ಟರು. "ನೀವು ಲ್ಯಾಬಿನಲ್ಲಿ ಇರುವವರು" ಎಂದರು. "ಇದನ್ನು ಮೊದಲ ದಿನ ಹೇಳಬೇಕಿತ್ತು. ಐದು ವಾರದಿಂದ ನಾವು ಕಾರಣ ಹುಡುಕ್ತಾ ಇದ್ದೇವೆ." ಫೈಲಿನಲ್ಲಿದ್ದ ಎರಡನ್ನು ಹೊಡೆದು ಹನ್ನೊಂದು ಎಂದು ಬರೆದು, "ಚೂರು ತೆಗೆಯುವುದು ಎರಡು ವಾರ ನಿಲ್ಲಲಿ. ಜ್ವರದ್ದು, ಮಾತ್ರೆಯದ್ದು, ಎರಡು ಪೆಟ್ಟು ಒಟ್ಟಿಗೆ ಬಿದ್ದಿದೆ, ಏಳಲು ತಡವಾಗ್ತಿರಬಹುದು. ಏಳ್ತದೆ ಅಂತ ನಾನು ಹೇಳುವುದಿಲ್ಲ" ಎಂದರು.

ರಫೀಕ್ ನನ್ನ ಪಕ್ಕದ ಕುರ್ಚಿಯಲ್ಲೇ ಇದ್ದರು. ಮಣಿಪಾಲದಿಂದ ಇಳಿದು ಹೆದ್ದಾರಿ ಸೇರಿದೆವು. ಕಾಪುವಿಗೆ ಬರುವ ಮೊದಲು ಕಾರನ್ನು ಬದಿಗೆ ನಿಲ್ಲಿಸಿದರು.

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ದಮಾಮಿನಿಂದ ಎಂತ ಮಾಡ್ತಿದ್ರಿ?"

"ತಿನ್ನಬೇಡ ಅಂತ ಹೇಳ್ತಿದ್ದೆ. ಅಷ್ಟಾದ್ರೂ ಹೇಳ್ತಿದ್ದೆ." ಸ್ಟೇರಿಂಗಿನ ಮೇಲಿದ್ದ ಕೈ ನೋಡುತ್ತಾ ಮುಂದುವರಿಸಿದರು. "ನನ್ನ ಬ್ಲಡ್ ಗ್ರೂಪ್ ನಿನ್ನದೇ. ಗೊತ್ತುಂಟಲ್ವಾ? ನಾನು ಕೇಳಿ ಆಗಿದೆ. ಮೂರು ತಿಂಗಳಾದ ಮೇಲೆ ಎಂತಾದರೂ ಬೇಕಾದ್ರೆ ನನ್ನದು ಉಂಟು."

"ಒಂದು ಕಿಡ್ನಿಯವನನ್ನು ಅಲ್ಲಿ ಯಾರು ಕೆಲಸಕ್ಕೆ ಇಟ್ಟುಕೊಳ್ತಾರೆ?"

"ಹಾಗಾದ್ರೆ ಇಲ್ಲಿಯೇ ಇರ್ತೇನೆ. ಮದುವೆಯಾಗಿ ಹದಿನಾರು ವರ್ಷ ಆಯ್ತು ಮಾರಾಯ್ತಿ, ಇಲ್ಲಿ ಇದ್ದು ಹೇಗಾಗ್ತದೆ ಅಂತ ಒಮ್ಮೆ ನೋಡುವ."

ನಾನು ಅತ್ತೆ. ಲಾರಿಗಳು ಹೋಗುವಾಗ ಕಾರು ಅಲುಗುತ್ತಿತ್ತು. ಅವರು ಸಮಾಧಾನ ಮಾಡಲಿಲ್ಲ, ಕಾರು ಸ್ಟಾರ್ಟ್ ಕೂಡ ಮಾಡಲಿಲ್ಲ. ಮನೆಯಲ್ಲಿ ಈ ವಿಷಯ ತಿಳಿದಾಗ ಉಮ್ಮ, "ಅಳಿಯನದ್ದು ಯಾಕೆ? ನನ್ನದು ತಕ್ಕೊಳ್ಳಲಿ" ಎಂದರು. ಇಪ್ಪತ್ತು ವರ್ಷದಿಂದ ಶುಗರ್ ಇರುವ ಉಮ್ಮ. ಅವರ ಕಿಡ್ನಿ ಎಷ್ಟು ದಣಿದಿದೆ ಎಂದು ಪ್ರತಿ ಮೂರು ತಿಂಗಳಿಗೆ ನೋಡುವವಳು ನಾನೇ. "ಆಯ್ತು ಉಮ್ಮ, ನೋಡುವ" ಎಂದೆ.

ಏಳನೆಯ ವಾರ ಒಂದು ಬೆಳಿಗ್ಗೆ ಸುಮಾರು ಒಂದು ಲೋಟ ಮೂತ್ರ ಬಂತು. ಅಲ್ಲಿಯವರೆಗೆ ದಿನಕ್ಕೆ ಒಂದೆರಡು ಚಮಚ ಬರುತ್ತಿದ್ದದ್ದು. ಬಚ್ಚಲುಮನೆಯಿಂದ ರಫೀಕರನ್ನು ಕೂಗಿದೆ. ಗೀಟು ಹಾಕಿದ ಪ್ಲಾಸ್ಟಿಕ್ ಜಾರನ್ನು ಅವರು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ನೋಡಿದರು. ಮರುದಿನ ಎರಡು ಲೋಟ. ಮೂರನೆಯ ದಿನ ಅದಕ್ಕಿಂತ ಕಡಿಮೆ. ನಾಲ್ಕನೆಯ ದಿನ ಮತ್ತೆ ಹೆಚ್ಚಾಯಿತು.

ಕೇಂದ್ರದಲ್ಲಿ ನಾನು ಇದನ್ನು ಯಾರಿಗೂ ಹೇಳಲಿಲ್ಲ. ಟೆಕ್ನಿಷಿಯನ್ ಕಿವಿಯಲ್ಲಿ ಮಾತ್ರ ಹೇಳಿದೆ, ಮೈಯಿಂದ ತೆಗೆಯುವ ನೀರನ್ನು ಅವರು ಕಡಿಮೆ ಮಾಡಬೇಕಲ್ಲ. ಅಲ್ಲಿ ಎಂಟು ಕುರ್ಚಿಯಲ್ಲಿ ಏಳು ಜನರಿಗೆ ಇದು ಎಂದೂ ಆಗುವುದಿಲ್ಲ. ಅವರ ಮುಂದೆ ನನ್ನ ಮೂತ್ರದ ಸುದ್ದಿ ಹೇಳುವುದು ಹೇಗೆ? ಕಳ್ಳತನ ಮಾಡಿದವಳ ಹಾಗೆ ತಲೆವಸ್ತ್ರ ಎಳೆದುಕೊಂಡು ನಿದ್ದೆ ಬಂದವಳಂತೆ ಕಣ್ಣು ಮುಚ್ಚಿರುತ್ತಿದ್ದೆ.

ಮೂರನೆಯ ಸಲ ಹಾಗೆ ಕಣ್ಣು ಮುಚ್ಚಿದಾಗ ಸದಾನಂದಣ್ಣ ಹೇಳಿದರು. "ನಿಮಗೆ ಮೂತ್ರ ಬರ್ತಾ ಉಂಟು."

ನಾನು ಕಣ್ಣು ತೆರೆದೆ.

"ಯಂತ್ರದಲ್ಲಿ ನಂಬ್ರ ಬರ್ತದಲ್ಲ, ನೀರು ಎಷ್ಟು ತೆಗೀತಾರೆ ಅಂತ. ಆರು ವರ್ಷದಿಂದ ಬೇರೆ ಎಂತ ಓದಿದ್ದೇನೆ ನಾನು? ಹೇಳದೆ ಇದ್ದದ್ದು ಯಾಕೆ, ನಾನು ಹೊಟ್ಟೆಕಿಚ್ಚು ಪಡ್ತೇನೆ ಅಂತ ಮಾಡಿದಿರಾ?"

"ಇಲ್ಲ ಅಣ್ಣ…"

"ಪಟ್ಟೆ," ಎಂದರು ಅವರು. "ಮೊನ್ನೆ ನಂಬ್ರ ನೋಡಿದಾಗ ಪಟ್ಟೆ. ಮನೆಗೆ ಹೋಗಿ ಹೆಂಡತಿಯ ಹತ್ರ ಜಗಳ ಮಾಡಿದೆ. ಮತ್ತೆ ಊಟ ಮಾಡಿ ಮಲಗಿದೆ." ನನ್ನ ಯಂತ್ರದ ಕಡೆ ಕತ್ತು ಚಾಚಿದರು. "ಇವತ್ತು ಎಷ್ಟು ಬಂತು?"

"ಮುಕ್ಕಾಲು ಲೀಟರು."

"ಮುಕ್ಕಾಲು!" ಎಂದು ಅವರು ಎಷ್ಟು ಜೋರಾಗಿ ಹೇಳಿದರೆಂದರೆ ಆಚೆ ಮೂಲೆಯವರೂ ತಿರುಗಿ ನೋಡಿದರು. ಆಮೇಲೆ ಎಲ್ಲರಿಗೂ ಗೊತ್ತಾಯಿತು. ಕೆಲವರು ಕೈಮುಗಿದರು. ಕಿಟಕಿಯ ಪಕ್ಕದ ಹುಡುಗಿ, ಇನ್ನೂ ಕಾಲೇಜಿನವಳು, ಮುಖ ಆಚೆ ತಿರುಗಿಸಿದಳು. ಅವಳನ್ನು ನಾನು ಇಂದಿಗೂ ಮರೆತಿಲ್ಲ.

ಎಂಟನೆಯ ವಾರದ ಕೊನೆಗೆ ಡಾಕ್ಟರು, "ಸೋಮವಾರದ್ದು ಬಿಡುವ. ಗುರುವಾರ ರಕ್ತ ನೋಡುವ" ಎಂದರು. ಕೇಳಲು ಎಷ್ಟು ಸುಲಭದ ಮಾತು. ಬೇಡವಾದ ಆ ಯಂತ್ರವೇ ನನ್ನನ್ನು ಎರಡು ತಿಂಗಳು ಬದುಕಿಸಿತ್ತು. ಅದಿಲ್ಲದ ಮೊದಲ ಸೋಮವಾರ ನಾನು ಪಾದ ಊದಿದೆಯೇ ಎಂದು ಬೆರಳಿನಿಂದ ಒತ್ತಿ ನೋಡುತ್ತಾ ಕೂತಿದ್ದೆ. ಮಂಗಳವಾರ ಬಾಯಿ ಕಹಿಯಾದಂತೆ ಅನಿಸಿ, ಉಸಿರು ಕಟ್ಟಿತೆಂದು ರಫೀಕರನ್ನು ಎಬ್ಬಿಸಿ ಕೂರಿಸಿದೆ. ಬುಧವಾರ ಬ್ಯಾಗು ತುಂಬಿಸಿ ಬಾಗಿಲ ಹತ್ತಿರ ಇಟ್ಟೆ, ಹೇಗೂ ಸೇರಿಸಿಕೊಳ್ಳುತ್ತಾರೆ ಎಂದು. ಭಯದಿಂದಲೂ ಬಾಯಿ ಕಹಿಯಾಗುತ್ತದೆ ಎಂದು ಆಮೇಲೆ ತಿಳಿಯಿತು.

ಗುರುವಾರ ಮಣಿಪಾಲದಲ್ಲಿ ರಕ್ತ ಕೊಟ್ಟು ಮೂರು ಗಂಟೆ ಕಾದೆವು. ಹೆಸರು ಕರೆದಾಗ ರಫೀಕ್ ಎದ್ದರು. ನನಗೆ ಏಳಲಾಗಲಿಲ್ಲ. ಡಾಕ್ಟರೇ ಹೊರಗೆ ಬಂದು ಹಾಳೆಯನ್ನು ನನ್ನ ಕೈಗೆ ಕೊಟ್ಟರು. "ನೀವೇ ಓದಿ, ನಿಮಗೆ ಗೊತ್ತಾಗ್ತದೆ" ಎಂದರು. ಡಯಾಲಿಸಿಸ್ ಇಲ್ಲದೆ ಕ್ರಿಯೇಟಿನಿನ್ ನಂಬರು ತಾನಾಗಿ ಇಳಿದಿತ್ತು. ಮೂರೂವರೆ. ಒಳ್ಳೆಯ ನಂಬರಲ್ಲ. ನನ್ನ ಲ್ಯಾಬಿನಲ್ಲಿ ಯಾರಿಗಾದರೂ ಬಂದಿದ್ದರೆ ಕೂಡಲೇ ಫೋನು ಮಾಡಿಸುತ್ತಿದ್ದೆ. ಅದನ್ನು ನೋಡಿ ನಾನು ಅಲ್ಹಮ್ದುಲಿಲ್ಲಾ ಎಂದೆ.

ಹತ್ತು ದಿನ ಬಿಟ್ಟು ಎದೆಯ ಟ್ಯೂಬ್ ತೆಗೆದರು. ಮನೆಯಲ್ಲಿ ಉಮ್ಮ ಪಾಯಸ ಮಾಡಿ ಗಿರಿಜಕ್ಕನ ಮನೆಗೂ ಕಳಿಸಿದರು. ಎಲ್ಲರೂ "ಗುಣ ಆಯ್ತಲ್ಲ" ಎಂದರು. ಆ ಮಾತು ನನಗೆ ಇನ್ನೂ ಕಿರಿಕಿರಿ. ನನ್ನ ಕಿಡ್ನಿ ಮೊದಲಿನಂತಾಗಿಲ್ಲ, ಅರ್ಧಕ್ಕಿಂತ ಸ್ವಲ್ಪ ಮೇಲೆ ಬಂದು ನಿಂತಿದೆ. ಮುಂದೆ ಹೇಗೋ ಎಂದು ಡಾಕ್ಟರೂ ಹೇಳುವುದಿಲ್ಲ. ಮಳೆ ಶುರುವಾದರೆ ಬೂಟು ಹಾಕದೆ ಅಂಗಳಕ್ಕಿಳಿಯುವುದಿಲ್ಲ. ತಲೆನೋವಿಗೂ ಮಾತ್ರೆ ಮುಟ್ಟುವುದಿಲ್ಲ. ಶಿಫಾಳಿಗೆ ಸಣ್ಣ ಜ್ವರ ಬಂದರೂ ಅವಳ ಕಣ್ಣಿನ ಬಿಳಿ ನೋಡುತ್ತೇನೆ. ರಫೀಕ್ ಕೊನೆಗೆ ದಮಾಮಿಗೆ ಹಿಂತಿರುಗಿದರು. ದಿನವೂ ವಿಡಿಯೊ ಕಾಲಿನಲ್ಲಿ ಮೊದಲ ಪ್ರಶ್ನೆ, "ಇವತ್ತು ಸರಿ ಹೋಯ್ತಾ?" ಹದಿನಾರು ವರ್ಷದ ಸಂಸಾರದಲ್ಲಿ ಇಷ್ಟು ಪ್ರೀತಿಯಿಂದ ಯಾರೂ ನನ್ನ ಮೂತ್ರ ವಿಚಾರಿಸಿರಲಿಲ್ಲ ಎಂದು ನಾನು ತಮಾಷೆ ಮಾಡುತ್ತೇನೆ. ಅವರು ನಗುವುದಿಲ್ಲ.

ಇದನ್ನು ಬರೆಯುತ್ತಿರುವುದು ಮಾತ್ರೆಯ ಲೆಕ್ಕ ಮುಚ್ಚಿಟ್ಟು ಎಲ್ಲೋ ಹೆದರಿ ಕೂತಿರುವ ಒಬ್ಬರಿಗಾಗಿ. ಡಾಕ್ಟರಿಗೆ ಹೇಳಿಬಿಡಿ. ಬೈಯುತ್ತಾರೆ, ಬೈಯಲಿ. ಮತ್ತೊಂದು ಮಾತು. ಗುಣವಾಗುತ್ತಿರುವಾಗಲೇ ನನಗೆ ಅತಿ ಹೆಚ್ಚು ಹೆದರಿಕೆಯಾದದ್ದು. ನಿಮಗೂ ಹಾಗೆ ಆದರೆ ನೀವು ಕೃತಘ್ನರೆಂದು ತಿಳಿಯಬೇಡಿ.

ಕೇಂದ್ರಕ್ಕೆ ನಾನು ಮತ್ತೆ ಹೋಗಲಿಲ್ಲ. ಹೋಗಿ ಎಲ್ಲರನ್ನೂ ಮಾತಾಡಿಸಬೇಕೆಂದು ಎಷ್ಟೋ ಸಲ ಬನ್ನಂಜೆಯಲ್ಲಿ ಬಸ್ಸಿಳಿದು, ಆ ಕಟ್ಟಡದ ಮೆಟ್ಟಿಲು ನೋಡಿ ಹಿಂತಿರುಗಿದ್ದೇನೆ. ಸದಾನಂದಣ್ಣನೇ ಫೋನು ಮಾಡಿದರು. ಬಿದ್ದು ಸೊಂಟ ನೋವಾಗಿದೆ, ಡಯಾಲಿಸಿಸಿಗೆ ಬಿಟ್ಟರೆ ಹೊರಗೆ ಹೋಗುವುದಿಲ್ಲ, ಒಮ್ಮೆ ಬನ್ನಿ ಎಂದರು. ಕಳೆದ ಫೆಬ್ರವರಿಯಲ್ಲಿ ಶಿಫಾಳನ್ನು ಕರೆದುಕೊಂಡು ಕಾರ್ಕಳಕ್ಕೆ ಹೋದೆ.

ಜಗಲಿಯಲ್ಲಿ ಕುರ್ಚಿ ಹಾಕಿ ಕೂತಿದ್ದರು. ತುಂಬಾ ಇಳಿದುಹೋಗಿದ್ದರು. ಅವರ ಹೆಂಡತಿ ವಾರಿಜಕ್ಕ ಬೊಂಡ ಕೆತ್ತಿ, ಎಳನೀರನ್ನು ದೊಡ್ಡ ಗ್ಲಾಸಿಗೆ ಸುರಿದು ನನ್ನ ಕೈಗೆ ಕೊಟ್ಟರು. ಡಯಾಲಿಸಿಸಿನವರಿಗೆ ಬೊಂಡ ವಿಷ ಇದ್ದ ಹಾಗೆ, ಅದರ ಪೊಟ್ಯಾಸಿಯಂ ಹೃದಯವನ್ನೇ ನಿಲ್ಲಿಸಬಹುದು. ನನಗೆ ಡಾಕ್ಟರು ಈಗ ಅಪರೂಪಕ್ಕೊಮ್ಮೆ ಕುಡಿಯಲು ಬಿಟ್ಟಿದ್ದಾರೆ. ಗ್ಲಾಸನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನ ವಿಷಯ, ಬಿಸಿಲಿನ ವಿಷಯ ಮಾತಾಡಿದೆ.

"ಅದನ್ನು ಹಿಡಿದು ಕೂತರೆ ನನಗೆ ಎಂತ ಪ್ರಯೋಜನ?" ಎಂದರು ಸದಾನಂದಣ್ಣ. "ಕುಡಿಯಿರಿ. ಹೇಗುಂಟು ಅಂತ ಹೇಳಿ."

ನಾನು ಕುಡಿದೆ. ಅವರು ನನ್ನ ಗಂಟಲನ್ನೇ ನೋಡುತ್ತಿದ್ದರು.

"ಸಿಹಿ ಉಂಟಾ?"

ಸುಳ್ಳು ಹೇಳಬೇಕೆಂದು ಒಂದು ಕ್ಷಣ ಅನಿಸಿತು. "ಇಲ್ಲ ಅಣ್ಣ. ಸ್ವಲ್ಪ ಬಲಿತಿದೆ, ಸಪ್ಪೆ."

"ಅದು ಬಾವಿ ಹತ್ತಿರದ ಮರದ್ದು," ಎಂದು ಅವರು ಹೆಂಡತಿಯ ಕಡೆ ತಿರುಗಿದರು. "ಗೇಟಿನ ಹತ್ತಿರದ್ದು ಕೊಡು ಅಂತ ಹೇಳಿದ್ದೆ ಅಲ್ವಾ? ಅದರದ್ದು ಸಕ್ಕರೆಯ ಹಾಗೆ."

ವಾರಿಜಕ್ಕ ಇನ್ನೊಂದನ್ನು ಕೆತ್ತಲು ಕತ್ತಿ ಹಿಡಿದು ಎದ್ದರು. ನಾನು ಬೇಡ ಎನ್ನಲಿಲ್ಲ.